ನಡುಗೆರೆ ಇಲ್ಲದ ರಸ್ತೆಗಳು

ಫ್ರಾನ್ಸಿನ ಟುಲೂಸ್‌ನಲ್ಲಿ ಸೈಕಲ್ ಸವಾರಿಗೆ ಒಳ್ಳೆಯ ದಾರಿ ಯಾವುದೆಂದು ಕೇಳಿದರೆ ಎಲ್ಲರೂ ಕನಾಲ್ ದು ಮಿದಿ ಕಡೆಗೇ ಕೈ ತೋರಿಸುತ್ತಾರೆ. 1681ರಲ್ಲಿ ಮುಗಿದ, 240 ಕಿ.ಮೀ. ಉದ್ದದ ಆ ಕಾಲುವೆಯ ದಂಡೆ ಚೆಂದವೇ. ಮರಗಳ ನೆರಳಿದೆ, ಏರಿಳಿತವಿಲ್ಲ, ಕಾರುಗಳ ಕಾಟವಿಲ್ಲ. ಹೊಸದಾಗಿ ಸೈಕಲ್ ಹಿಡಿದವರನ್ನು ನಾನೂ ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ. ಆದರೆ ಆ ದಾರಿ ಊರುಗಳಿಗೆ ಬೆನ್ನು ಹಾಕಿ ಸಾಗುತ್ತದೆ. ನನಗೆ ಇಷ್ಟವಾದದ್ದು ಊರಿನ ಚೌಕದಲ್ಲೇ ಹಾದು, ದಿಣ್ಣೆ ಹತ್ತಿ, ಸೂರ್ಯಕಾಂತಿ ಹೊಲದ ಅಂಚಿನಲ್ಲಿ ತಿರುಗುವ ಡಾಂಬರು ರಸ್ತೆ. ಅಂಥ ರಸ್ತೆಗಳು ಟುಲೂಸ್‌ನ ಪಶ್ಚಿಮಕ್ಕಿರುವ ಜೆರ್ಸ್ ಜಿಲ್ಲೆಯಲ್ಲಿ ಹೇರಳವಾಗಿವೆ. ವಿಮಾನ ತಯಾರಿಕೆಯ ಕೆಲಸಕ್ಕಾಗಿ ಬೆಂಗಳೂರಿನಿಂದ ಇಲ್ಲಿಗೆ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಯಾರನ್ನು ಕರೆದುಕೊಂಡು ಹೋದರೂ ಅರ್ಧ ದಾರಿಯಲ್ಲಿ ಒಂದೇ ಪ್ರಶ್ನೆ ಬರುತ್ತದೆ: ಇಷ್ಟು ಒಳ್ಳೆಯ ರಸ್ತೆ, ಆದರೆ ಜನ ಎಲ್ಲಿ?

ಉತ್ತರ ಚರಿತ್ರೆಯಲ್ಲಿದೆ. ಹಳ್ಳಿಗಳ ನಡುವಿನ ದಾರಿಗಳನ್ನು ಸುಸ್ಥಿತಿಯಲ್ಲಿಡುವುದು ಆಯಾ ಗ್ರಾಮಾಡಳಿತದ ಹೊಣೆ ಎಂದು 1836ರ ಕಾನೂನು ಕಡ್ಡಾಯ ಮಾಡಿತು. ಫ್ರಾನ್ಸಿನಲ್ಲಿ ಈಗಲೂ ಸುಮಾರು 35,000 ಗ್ರಾಮ-ಪಟ್ಟಣ ಆಡಳಿತಗಳಿದ್ದು, ಪ್ರತಿಯೊಂದಕ್ಕೂ ತನ್ನದೇ ರಸ್ತೆಗಳಿವೆ. ಆ ಕಾನೂನು ಬಂದ ಕಾಲದಲ್ಲಿ ಜೆರ್ಸ್‌ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರಿದ್ದರು. ಇಂದು ಸುಮಾರು 1.9 ಲಕ್ಷ. ಚದರ ಕಿಲೋಮೀಟರಿಗೆ 30 ಜನ ಎನ್ನಿ. 2011ರ ಜನಗಣತಿಯಲ್ಲಿ ಕರ್ನಾಟಕದ ಸರಾಸರಿ 319 ಇತ್ತೆಂದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಬೇಸಾಯದ ಜನ ನಗರಗಳಿಗೆ ಹೊರಟುಹೋದರು, ಅವರಿಗಾಗಿ ಹಾಕಿದ ರಸ್ತೆಗಳ ಜಾಲ ಮಾತ್ರ ಡಾಂಬರು ಸಮೇತ ಉಳಿದುಕೊಂಡಿತು. ಉಳಿದಿರುವ ಕಾರು, ಲಾರಿಗಳು ಕೆಲವೇ ದೊಡ್ಡ ರಸ್ತೆಗಳಲ್ಲಿ ಸೇರುತ್ತವೆ.

ಆದ್ದರಿಂದ ಮಾರ್ಗ ಹಾಕುವಾಗ ನಾನು ಮೊದಲು ಹುಡುಕುವುದು ಸದ್ದಿನ ರಸ್ತೆಯನ್ನು. ಮಿಷೆಲಿನ್ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೆಂಪು ಗೆರೆಗಳನ್ನು ನೋಡುತ್ತೇನೆ. ಟುಲೂಸ್‌ನಿಂದ ಜೆರ್ಸ್‌ನ ಮುಖ್ಯ ಪಟ್ಟಣ ಓಷ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಎನ್124, ಓಷ್‌ನಿಂದ ಉತ್ತರಕ್ಕೆ ಫ್ಲೊರಾನ್ಸ್, ಲೆಕ್ತೂರ್ ದಾಟಿ ಹೋಗುವ ಎನ್21: ಜಿಲ್ಲೆಯ ಲಾರಿಗಳೆಲ್ಲ ಹೆಚ್ಚಾಗಿ ಇವೆರಡರಲ್ಲೇ ಓಡುತ್ತವೆ. ಹಳದಿ ಗೆರೆಗಳು ಪಟ್ಟಣದಿಂದ ಪಟ್ಟಣಕ್ಕೆ ಹೋಗುವ ಜಿಲ್ಲಾ ರಸ್ತೆಗಳು. ಕಾರುಗಳು ಕಡಿಮೆಯಾದರೂ ಅಲ್ಲಿ ವೇಗ ಹೆಚ್ಚು. 2018ರ ಜುಲೈಯಿಂದ ಇಂಥ ರಸ್ತೆಗಳ ಮಿತಿ 80 ಕಿ.ಮೀ.ಗೆ ಇಳಿಯಿತು, ಕೆಲವು ಜಿಲ್ಲೆಗಳು ಆಮೇಲೆ ಕೆಲವು ರಸ್ತೆಗಳಲ್ಲಿ 90ಕ್ಕೆ ಮರಳಿದವು. ಹಳದಿ ಗೆರೆಯನ್ನು ನಾನು ಅಡ್ಡ ದಾಟಲು ಮಾತ್ರ ಬಳಸುತ್ತೇನೆ. ನಮ್ಮದು ಬಿಳಿ ಗೆರೆಗಳು, ಅಂದರೆ ನಕ್ಷೆಯಲ್ಲಿನ ಸಣ್ಣ ಹಳ್ಳಿ ರಸ್ತೆಗಳು.

ಬಿಳಿ ಗೆರೆಗಳೆಲ್ಲ ಒಂದೇ ಅಲ್ಲ. ಪ್ರತಿಯೊಂದರ ಮುಂದೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ದಾರಿಯಲ್ಲಿ ಕಾರಿನವರಿಗೆ ಏನು ಕೆಲಸ? ಎರಡು ಪಟ್ಟಣಗಳ ನಡುವಿನ ಒಳದಾರಿಯಾಗಿದ್ದರೆ ಕೆಲಸವಿದೆ, ಅದನ್ನು ಬಿಡುತ್ತೇನೆ. ಹತ್ತು ಮನೆಗಳ ಹಳ್ಳಿ, ಒಂದು ಹಳೆಯ ಇಗರ್ಜಿ, ಎರಡು ತೋಟದ ಮನೆ ದಾಟಿ ಇನ್ನೊಂದು ಅಂಥದೇ ಹಳ್ಳಿಗೆ ಸುತ್ತಿಕೊಂಡು ಹೋಗುವ ದಾರಿಯಾದರೆ ಅಂಚೆಯವರನ್ನೂ ಅಲ್ಲಿನ ರೈತರನ್ನೂ ಬಿಟ್ಟು ಬೇರೆ ಯಾರಿಗೂ ಕೆಲಸವಿಲ್ಲ, ಅದೇ ಬೇಕು. ಆಮೇಲೆ ಗೂಗಲ್‌ನ ರಸ್ತೆ ಚಿತ್ರಗಳಲ್ಲಿ ಆ ದಾರಿಯನ್ನು ನೋಡುತ್ತೇನೆ. ಡಾಂಬರಿನ ನಡುವೆ ಬಿಳಿ ಬಣ್ಣದ ಗೆರೆ ಇದ್ದರೆ ಅದು ಎರಡು ವಾಹನ ಎದುರುಬದುರಾಗುವ ರಸ್ತೆ. ನಡುಗೆರೆ ಇಲ್ಲದಿದ್ದರೆ ನೆಮ್ಮದಿ. ನಡುವೆ ಹುಲ್ಲು ಬೆಳೆದಿದ್ದರೆ ಕಣ್ಣು ಮುಚ್ಚಿ ಆ ದಾರಿಯನ್ನು ಮಾರ್ಗಕ್ಕೆ ಸೇರಿಸುತ್ತೇನೆ. ರಸ್ತೆಯ ಸಂಖ್ಯೆಯೂ ಸುಳಿವು ಕೊಡುತ್ತದೆ: ಜಿಲ್ಲಾ ರಸ್ತೆಯನ್ನು ಸೂಚಿಸುವ ಡಿ ಅಕ್ಷರದ ಮುಂದೆ ಮೂರು ಅಂಕಿಗಳಿದ್ದರೆ ಸಾಮಾನ್ಯವಾಗಿ ಕಡಿಮೆ ವಾಹನ. ಆದರೆ ಜಿಲ್ಲೆಯ ಗಡಿ ದಾಟಿದೊಡನೆ ಅದೇ ರಸ್ತೆಗೆ ಬೇರೆ ಸಂಖ್ಯೆ ಬರಬಹುದು. ಹಾಗಾಗಿ ನಾನು ಬರೆದುಕೊಳ್ಳುವುದು ಊರುಗಳ ಹೆಸರನ್ನು, ಸಂಖ್ಯೆಗಳನ್ನಲ್ಲ.

ಟುಲೂಸ್‌ನ ಸುತ್ತಲಿನ ಪ್ರದೇಶ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಅತಿ ಸಣ್ಣ ರಸ್ತೆಯಲ್ಲೂ ಬೆಳಿಗ್ಗೆ, ಸಂಜೆ ಕೆಲಸಕ್ಕೆ ಹೋಗಿಬರುವ ಕಾರುಗಳು ಸಾಲುಗಟ್ಟುತ್ತವೆ. ಅದಕ್ಕೇ ನಾನು ಓಷ್ ಕಡೆಯ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಏರಿಸಿಕೊಂಡು ಜಿಮೋಂ ತನಕ ಹೋಗಿ ಅಲ್ಲಿಂದ ತುಳಿಯಲು ಆರಂಭಿಸುತ್ತೇನೆ. ಸೈಕಲ್ ಬಿಚ್ಚುವ, ಚೀಲಕ್ಕೆ ತುಂಬುವ ಗೋಜಿಲ್ಲ.

ಈ ಸೀಮೆಯ ನೆಲದ ಆಕಾರ ಗೊತ್ತಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಪಿರೆನೀಸ್ ಪರ್ವತಗಳ ಬುಡದಲ್ಲಿ ಲಾನ್‌ಮೆಜಾಂ ಎಂಬ ಪ್ರಸ್ಥಭೂಮಿ ಇದೆ. ಸಾವ್, ಜಿಮೋನ್, ಆರಾತ್ಸ್, ಜೆರ್ಸ್, ಬಾಯಿಜ್ ಮೊದಲಾದ ನದಿಗಳು ಅಲ್ಲಿಂದ ಉತ್ತರಕ್ಕೆ ಬೀಸಣಿಗೆಯ ಕಡ್ಡಿಗಳಂತೆ ಹರಡಿವೆ. ನದಿಯ ಜೊತೆಗೆ ಉತ್ತರ-ದಕ್ಷಿಣವಾಗಿ ಹೋದರೆ ರಸ್ತೆ ಸಮತಟ್ಟು. ಪೂರ್ವ-ಪಶ್ಚಿಮವಾಗಿ ಹೊರಟರೆ ಒಂದೊಂದು ಕಣಿವೆಗೂ ಒಂದು ಇಳಿಜಾರು, ಹಿಂದೆಯೇ ಒಂದು ಏರು, ದಿನವಿಡೀ. ಕಣಿವೆಯ ತಳದಲ್ಲಿ ದೊಡ್ಡ ರಸ್ತೆ ಇರುವ ಕಡೆ ಮೇಲಿನ ದಿಣ್ಣೆಯ ಬೆನ್ನಿನ ಮೇಲೆ ಹೋಗುವ ದಾರಿಯೇ ನನಗೆ ಪ್ರಿಯ. ಒಮ್ಮೆ ಹತ್ತಿದರೆ ಸಾಕು, ಎರಡೂ ಬದಿಯ ಕಣಿವೆಗಳು ಕಾಣುತ್ತಾ ಮೈಲುಗಟ್ಟಲೆ ಹೋಗಬಹುದು. ಮಿಷೆಲಿನ್ ನಕ್ಷೆಯಲ್ಲಿ ಕಡಿದಾದ ಏರುಗಳಿಗೆ ಸಣ್ಣ ಬಾಣದ ಗುರುತುಗಳಿವೆ. ಒಂದು ಬಾಣವಿದ್ದರೆ ಶೇ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕಿಂತಲೂ ಕಡಿದು. ಹೊಸಬರು ಜೊತೆಗಿದ್ದರೆ ಎರಡು ಬಾಣದ ಏರು ಮಧ್ಯಾಹ್ನದ ಊಟದ ನಂತರ ಬಾರದಂತೆ ನೋಡಿಕೊಳ್ಳುತ್ತೇನೆ.

ನನಗೆ ಅತಿ ಮೆಚ್ಚಾದ ಸುತ್ತು ಇದು: ಜಿಮೋಂನಿಂದ ಉತ್ತರಕ್ಕೆ ಮೋವೆಜಾಂ, ಅಲ್ಲಿಂದ ಸ್ಯಾಂ-ಕ್ಲಾರ್, ಪಶ್ಚಿಮಕ್ಕೆ ತಿರುಗಿ ಲೆಕ್ತೂರ್, ಬಳಿಕ ತೆರೋಬ್, ಲಾ ಸೋವ್ತಾ, ಲಾವರ್ದೆನ್ಸ್ ಮೂಲಕ ಓಷ್. ಸುಮಾರು 100 ಕಿ.ಮೀ. ಮೋವೆಜಾಂನ ಚೌಕದಲ್ಲಿ ಹಳೆಯ ಕಾಲದ ದೊಡ್ಡ ಸಂತೆ ಮಂಟಪವಿದೆ, ಮೊದಲ ವಿಶ್ರಾಂತಿ ಅದರ ನೆರಳಿನಲ್ಲಿ. ಸ್ಯಾಂ-ಕ್ಲಾರ್ ಬಿಳಿ ಬೆಳ್ಳುಳ್ಳಿಯ ಸೀಮೆ. ಬೇಸಿಗೆಯಲ್ಲಿ ಕೊಟ್ಟಿಗೆಗಳ ಒಳಗೆ ಗೊಂಚಲು ಗೊಂಚಲಾಗಿ ಒಣಗಲು ತೂಗುಹಾಕಿರುತ್ತಾರೆ, ಊರು ಕಾಣುವ ಮೊದಲೇ ಗಾಳಿಯಲ್ಲಿ ಘಮ ಬರುತ್ತದೆ. ದಿಣ್ಣೆಯ ಮೇಲಿರುವ ಲೆಕ್ತೂರ್‌ನಿಂದ, ಆಕಾಶ ತಿಳಿಯಾಗಿದ್ದರೆ, ಪಿರೆನೀಸ್‌ನ ಹಿಮದ ಸಾಲು ದಕ್ಷಿಣದ ಅಂಚಿನ ಉದ್ದಕ್ಕೂ ಕಾಣುತ್ತದೆ. ಅಲ್ಲಿಂದ ಓಷ್‌ಗೆ ಸುಲಭದ ದಾರಿ ಎನ್21. ಅದನ್ನು ಖಂಡಿತ ಹಿಡಿಯಬಾರದು. ತೆರೋಬ್ ಕಡೆಯ ಪಶ್ಚಿಮದ ದಾರಿ ಏರಿಳಿತದ್ದು, ಸಮಯವೂ ಹೆಚ್ಚು ಬೇಕು. ಆದರೆ ಲಾವರ್ದೆನ್ಸ್‌ನ ಕೋಟೆ ಗೋಧಿ ಹೊಲಗಳ ಆಚೆ ಬಂಡೆಯ ಮೇಲೆ ಕಾಣಿಸುವವರೆಗೂ, ಕಂಡ ಮೇಲೂ, ಕಿವಿಗೆ ಬೀಳುವುದು ಸರಪಳಿಯ ಸದ್ದು ಮತ್ತು ಬಾನಾಡಿಗಳ ಹಾಡು ಮಾತ್ರ. ಈ ಸುತ್ತಿನಲ್ಲಿ ನಾನು ತುಳಿದ ರಸ್ತೆಗಳಲ್ಲೆಲ್ಲ ಇದೇ ತುಣುಕು ಅತ್ಯುತ್ತಮ.

ಕಾಲ ನೋಡಿ ಹೋಗಬೇಕು. ಸ್ಯಾಂ-ಕ್ಲಾರ್ ಬಳಿ ಬೆಳ್ಳುಳ್ಳಿ ಕಟ್ಟುತ್ತಿದ್ದ ರೈತರೊಬ್ಬರು ನನ್ನ ನಕ್ಷೆ ನೋಡಿ, “ಕೊಯ್ಲಿನ ಸಮಯದಲ್ಲಿ ಕೆಳಗಿನ ದಾರಿ ಬೇಡ ಸ್ವಾಮಿ, ಗೋಧಿ ತುಂಬಿದ ಟ್ರೇಲರ್‌ಗಳೆಲ್ಲ ಸಹಕಾರ ಸಂಘದ ಉಗ್ರಾಣಕ್ಕೆ ಅದರಲ್ಲೇ ಹೋಗುತ್ತವೆ, ಮೇಲಿನ ದಾರಿ ಹಿಡಿಯಿರಿ” ಎಂದು ಬೆರಳಿಟ್ಟು ತೋರಿಸಿದರು. ಅಂದಿನಿಂದ ನಕ್ಷೆಯಲ್ಲಿ ಆ ಉಗ್ರಾಣಗಳನ್ನೂ ಗುರುತು ಹಾಕಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಸಣ್ಣ ರಸ್ತೆಗಳಿಗೆ ಟಾರು ಸುರಿದು ಸಡಿಲ ಜಲ್ಲಿ ಹರಡುತ್ತಾರೆ. ‘ಗ್ರಾವಿಯೋಂ’ ಎಂಬ ಫಲಕ ಕಂಡರೆ ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕ್ ಒತ್ತದೆ ಹೋಗಬೇಕು, 28 ಮಿ.ಮೀ.ಗಿಂತ ತೆಳುವಾದ ಟೈರ್ ನಾನು ಹಾಕುವುದಿಲ್ಲ. ಶರತ್ಕಾಲದಿಂದ ಚಳಿಗಾಲದವರೆಗೆ ಬೇಟೆಯ ಋತು. ಬೇಟೆ ನಡೆಯುತ್ತಿದೆ ಎಂಬ ಫಲಕ ರಸ್ತೆ ಬದಿಯಲ್ಲಿದ್ದರೆ ಎದ್ದು ಕಾಣುವ ಬಣ್ಣದ ಅಂಗಿ ತೊಟ್ಟು, ನಿಲ್ಲದೆ ದಾಟುವುದು ಮೇಲು.

ದಿನದಲ್ಲಿ ಅತ್ಯಂತ ನಿಶ್ಶಬ್ದ ಹೊತ್ತು ಮಧ್ಯಾಹ್ನ 12ರಿಂದ 2. ಇಡೀ ಸೀಮೆ ಊಟಕ್ಕೆ ಕೂತಿರುತ್ತದೆ, ರಸ್ತೆ ಪೂರ್ತಿ ನಮ್ಮದು. ಅಂಗಡಿಗಳೂ ಆಗ ಮುಚ್ಚಿರುತ್ತವೆ, ಅನೇಕ ಬ್ರೆಡ್ ಅಂಗಡಿಗಳಿಗೆ ಸೋಮವಾರ ರಜೆ. ಹಾಗಾಗಿ ಹನ್ನೊಂದರೊಳಗೆ ಒಂದು ಉದ್ದನೆಯ ಬಗೆತ್, ಚೀಸ್, ಹಣ್ಣು ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತೇನೆ. ನಾನು ಮಾಂಸ ತಿನ್ನುವುದಿಲ್ಲ. ಬಾತುಕೋಳಿಯ ಅಡುಗೆಗೆ ಹೆಸರಾದ ಈ ಜಿಲ್ಲೆಯ ಹೋಟೆಲುಗಳಲ್ಲಿ ನನಗೆ ಸಿಗುವುದು ಕಡಿಮೆ.

ನೀರಿಗೆ ಊರಿನ ಸ್ಮಶಾನಕ್ಕೆ ಹೋಗಬೇಕು. ಮೊದಲ ಸಲ ಹೇಳಿದಾಗ ನಮ್ಮ ಕಡೆಯವರು ಹಿಂಜರಿಯುತ್ತಾರೆ, ಅದು ಸಹಜ. ಸಮಾಧಿಗಳ ಮೇಲಿನ ಹೂಗಿಡಗಳಿಗೆ ನೀರುಣಿಸಲೆಂದು ಇಲ್ಲಿನ ಬಹುತೇಕ ಸ್ಮಶಾನಗಳ ಬಾಗಿಲಲ್ಲೇ ನಲ್ಲಿ ಇರುತ್ತದೆ, ಸೈಕಲ್ ಸವಾರರು ಬಾಟಲಿ ತುಂಬಿಕೊಳ್ಳುವುದು ಇಲ್ಲಿ ರೂಢಿ. ಕುಡಿಯಲು ಯೋಗ್ಯವಲ್ಲ ಎಂಬ ಫಲಕವಿದೆಯೇ ಎಂದು ನೋಡಿಕೊಳ್ಳಬೇಕು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟೀತೆಂದು ನಲ್ಲಿ ಬಂದ್ ಮಾಡಿರುತ್ತಾರೆ. ಒಳಗೆ ಯಾರಾದರೂ ಇದ್ದರೆ ‘ಬೊಂಜೂರ್’ ಹೇಳಿ, ಸದ್ದು ಮಾಡದೆ ನೀರು ತುಂಬಿಕೊಂಡು ಹೊರಡುತ್ತೇನೆ.

ಸಂಚಾರದ ನಿಯಮದಲ್ಲಿ ಒಂದನ್ನು ಮರೆಯಬಾರದು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅದು ಓಣಿಯಿಂದ ಬರುವ ಟ್ರ್ಯಾಕ್ಟರ್ ಆದರೂ ಸರಿ. ಊರಾಚೆ ಸೈಕಲನ್ನು ಹಿಂದಿಕ್ಕುವ ವಾಹನ ಒಂದೂವರೆ ಮೀಟರ್ ಅಂತರ ಬಿಡಬೇಕು. ಈ ಕಡೆಯ ಹಳ್ಳಿಗರು ಬಹುಮಟ್ಟಿಗೆ ಅದಕ್ಕಿಂತ ಹೆಚ್ಚೇ ಬಿಡುತ್ತಾರೆ.

ಇನ್ನುಳಿದದ್ದು ಗಾಳಿ. ಆಗ್ನೇಯದಿಂದ ‘ಓತಾಂ’ ಎಂಬ ಗಾಳಿ ಬೀಸಲು ಶುರುವಾದರೆ ಟುಲೂಸ್‌ನ ಸುತ್ತ ಕೆಲವೊಮ್ಮೆ ದಿನಗಟ್ಟಲೆ ನಿಲ್ಲುವುದಿಲ್ಲ. ಆ ದಿನಗಳಲ್ಲಿ ಲಾವರ್ದೆನ್ಸ್‌ನಿಂದ ಓಷ್‌ಗೆ ಎದುರುಗಾಳಿ. ಹವಾಮಾನ ವರದಿಯಲ್ಲಿ ಓತಾಂ ಇದ್ದರೆ ಸುತ್ತು ಹಾಕುವುದಿಲ್ಲ. ಜಿಮೋಂನಿಂದ ಲೆಕ್ತೂರ್ ತನಕ ಅದೇ ದಾರಿಯಲ್ಲಿ ಬಂದು, ಅಲ್ಲಿಂದ ಉತ್ತರಕ್ಕೆ, ಮತ್ತೆ ಎನ್21 ತಪ್ಪಿಸಿ, ಆಜೆನ್ ಸೇರುತ್ತೇನೆ. ಬಹುಪಾಲು ದಾರಿಯಲ್ಲಿ ಗಾಳಿ ಬೆನ್ನಿಗಿರುತ್ತದೆ, ಆಜೆನ್‌ನಿಂದ ಟುಲೂಸ್‌ಗೆ ಸಂಜೆ ರೈಲಿದೆ.