ಭೌತಶಾಸ್ತ್ರ ಮೈನರ್: ಪೇಪರ್‌ಗಳನ್ನು ಯಾವ ಕ್ರಮದಲ್ಲಿ ಓದಬೇಕು

ಗಣಿತವನ್ನೋ ಕಂಪ್ಯೂಟರ್ ಸೈನ್ಸನ್ನೋ ಮೇಜರ್ (ಮುಖ್ಯ ವಿಷಯ) ಆಗಿ ಓದುತ್ತ ಭೌತಶಾಸ್ತ್ರವನ್ನು ಮೈನರ್ (ಉಪ ವಿಷಯ) ಆಗಿ ತೆಗೆದುಕೊಳ್ಳುವವರು ಮೊದಲು ಕ್ರೆಡಿಟ್ ಲೆಕ್ಕ ಹಾಕಿಕೊಳ್ಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಚೌಕಟ್ಟಿನಲ್ಲಿ 3 ವರ್ಷದ ಪದವಿಗೆ 120 ಕ್ರೆಡಿಟ್. ಅದರಲ್ಲಿ ಮೈನರ್ ಪಾಲು 24. 4 ವರ್ಷದ 160 ಕ್ರೆಡಿಟ್‌ನಲ್ಲಿ 32. ಪೇಪರಿಗೆ 4 ಕ್ರೆಡಿಟ್ ಎಂದರೆ ಆರು ಅಥವಾ ಎಂಟು ಪೇಪರ್. ಪಾಠದ 1 ಕ್ರೆಡಿಟ್‌ಗೆ ಸೆಮಿಸ್ಟರಿನಲ್ಲಿ 15 ಗಂಟೆ, ಲ್ಯಾಬಿನದ್ದಕ್ಕೆ 30. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳು 2024-25ರಿಂದ ಹಳೆಯ 3 ವರ್ಷದ ಪದ್ಧತಿಗೆ ಮರಳಿರುವುದರಿಂದ, ನಿಮ್ಮ ಬ್ಯಾಚಿನ ನಿಯಮಾವಳಿಯನ್ನೇ ತೆರೆದು ನೋಡಿ.

ಆರು ಪೇಪರಿದ್ದರೆ ಆರೂ ಪ್ರವೇಶ ಮಟ್ಟದವೇ ಆಗಬಾರದು. ಸುಲಭವಾದವನ್ನು ಅಲ್ಲೊಂದು ಇಲ್ಲೊಂದು ಹೆಕ್ಕಿದರೆ ಅಂಕ ಬರಬಹುದು, ವಿಷಯ ಬರುವುದಿಲ್ಲ. ಮೊದಲು ಯಂತ್ರಶಾಸ್ತ್ರ; ಆಮೇಲೆ ವಿದ್ಯುತ್ ಮತ್ತು ಕಾಂತತ್ವ, ಅಲೆಗಳು ಮತ್ತು ಬೆಳಕು, ಉಷ್ಣಶಾಸ್ತ್ರ; ಕೊನೆಗೆ ಕ್ವಾಂಟಮ್. ಹೆಚ್ಚಿನವರು ಮುಗ್ಗರಿಸುವುದು ವಿದ್ಯುತ್ಕಾಂತತ್ವದಲ್ಲಿ. ಅಲ್ಲಿ ಡೈವರ್ಜೆನ್ಸ್, ಕರ್ಲ್ ಮೊದಲ ವಾರಗಳಲ್ಲೇ ಬರುತ್ತವೆ. ಗಣಿತ ವಿಭಾಗದಲ್ಲಿ ಇವನ್ನು ಕಲಿಸುವ ವೆಕ್ಟರ್ ಕ್ಯಾಲ್ಕುಲಸ್ ಮುಂದಿನ ವರ್ಷಕ್ಕಿರಬಹುದು. ಎರಡೂ ಪಠ್ಯಕ್ರಮಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಕೊರತೆಯಿರುವ ಭಾಗವನ್ನು ರಜೆಯಲ್ಲೇ ಓದಿಕೊಳ್ಳಿ. ಕ್ವಾಂಟಮ್‌ಗೆ ಮೊದಲು ಐಗನ್ ಮೌಲ್ಯ ಮತ್ತು ಡಿಫರೆನ್ಶಿಯಲ್ ಸಮೀಕರಣ ಕೈಗೆ ಹತ್ತಿರಬೇಕು.

ಲ್ಯಾಬ್ ಅನ್ನು ಹಗುರವಾಗಿ ಎಣಿಸಬೇಡಿ. ಮೈನರ್ ವಿದ್ಯಾರ್ಥಿಗೆ ಭೌತಶಾಸ್ತ್ರದ ರೀತಿ ಒಲಿಯುವುದೇ ಅಲ್ಲಿ. ಸರಳ ಲೋಲಕವನ್ನೇ ನೋಡಿ. 1 ಮೀಟರ್ ಉದ್ದದ ಲೋಲಕದ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡ್. ಒಂದನ್ನೇ ಅಳೆದು ಸ್ಟಾಪ್‌ವಾಚ್ ಒತ್ತುವುದು 0.2 ಸೆಕೆಂಡ್ ತಪ್ಪಿದರೆ ಕಾಲದಲ್ಲಿ 10% ದೋಷ, ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ g (ಗುರುತ್ವ ವೇಗೋತ್ಕರ್ಷ) ಬೆಲೆಯಲ್ಲಿ ಸುಮಾರು 20%. 20 ಆಂದೋಲನ ಎಣಿಸಿದರೆ ಅದೇ ತಪ್ಪು g ಬೆಲೆಯಲ್ಲಿ 1%ಕ್ಕೆ ಇಳಿಯುತ್ತದೆ. ಗುಂಡಿನ ತ್ರಿಜ್ಯ 1 ಸೆಂ.ಮೀ. ಇದ್ದು, ದಾರವನ್ನಷ್ಟೇ ಅಳೆದಿದ್ದರೆ ಮತ್ತೆ 1% ತಪ್ಪು. ಬೇರೆ ಬೇರೆ ಉದ್ದಗಳಿಗೆ ಕಾಲದ ವರ್ಗದ ಗ್ರಾಫ್ ಎಳೆದಾಗ ಈ ತಪ್ಪು ಗೆರೆಯನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಇಳಿಜಾರನ್ನು ಬದಲಿಸುವುದಿಲ್ಲ. ಹಾಗಾಗಿ ಇಳಿಜಾರಿನಿಂದ ಸಿಗುವ g ಸರಿಯಾಗಿಯೇ ಇರುತ್ತದೆ. 30 ಡಿಗ್ರಿ ತೂಗಿಬಿಟ್ಟರೆ ಕಾಲ 1.7% ಹೆಚ್ಚುತ್ತದೆ, ಆದ್ದರಿಂದ 5 ಡಿಗ್ರಿ ಮೀರಬೇಡಿ. ರೀಡಿಂಗ್‌ಗಳನ್ನು 9.8ಕ್ಕೆ ಹೊಂದಿಸಿ ಬರೆಯುವವರು ಈ ಯಾವುದನ್ನೂ ಕಲಿಯುವುದಿಲ್ಲ.

ವೇಳಾಪಟ್ಟಿಯಲ್ಲಿ ಥಿಯರಿ ತರಗತಿಗಳಿಗಿಂತ ಲ್ಯಾಬ್ ಅವಧಿಗಳೇ ಮೇಜರ್ ಲ್ಯಾಬಿಗೆ ಡಿಕ್ಕಿ ಹೊಡೆಯುವುದು ಹೆಚ್ಚು. ನೋಂದಣಿಗೆ ಮೊದಲೇ ಎರಡೂ ವಿಭಾಗಗಳಲ್ಲಿ ಬ್ಯಾಚ್ ಸಮಯ ಕೇಳಿ. ಬೆಸ ಸೆಮಿಸ್ಟರಿನಲ್ಲಷ್ಟೇ ನಡೆಯುವ ಪೇಪರ್ ತಪ್ಪಿದರೆ ಒಂದು ವರ್ಷ ಕಾಯಬೇಕು, ಅದನ್ನು ಆಧರಿಸಿದ ಪೇಪರೂ ಹಿಂದೆ ಬೀಳುತ್ತದೆ. ಮುಂದೆ ಎಂ.ಎಸ್ಸಿ. ಭೌತಶಾಸ್ತ್ರದ ಆಸೆಯಿದ್ದರೆ, ಸೇರಬೇಕೆಂದಿರುವ ವಿಶ್ವವಿದ್ಯಾಲಯ ಎಷ್ಟು ಕ್ರೆಡಿಟ್ ಕೇಳುತ್ತದೆ, ಲ್ಯಾಬ್ ಕಡ್ಡಾಯವೇ ಎಂಬುದನ್ನು ಮೂರನೇ ಸೆಮಿಸ್ಟರಿಗೆ ಮೊದಲೇ ಅದರ ಪ್ರವೇಶ ಪ್ರಕಟಣೆಯಲ್ಲಿ ಓದಿಕೊಳ್ಳಿ. ಕಡಿಮೆ ಬಿದ್ದರೆ ಐಚ್ಛಿಕ ಪೇಪರ್‌ಗಳಿಂದ ತುಂಬಿಸಿಕೊಳ್ಳಲು ಆಗ ಇನ್ನೂ ಸಮಯ ಇರುತ್ತದೆ.