ಒಡಹುಟ್ಟಿದವರ ಜಂಟಿ ಮನೆ: ಜಗಳವಿಲ್ಲದೆ ಪಾಲಾಗಬೇಕೆಂದರೆ

ಮಾತುಕತೆಗೆ ಕೂರುವ ಮುನ್ನ ಮೂಲ ಕ್ರಯಪತ್ರ, ಇ.ಸಿ. (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪ್ರಮಾಣಪತ್ರ), ಖಾತಾ, ವಂಶವೃಕ್ಷ, ಮರಣ ಪ್ರಮಾಣಪತ್ರ ಒಟ್ಟುಮಾಡಿ. ಖಾತೆ ಅಣ್ಣನ ಹೆಸರಿನಲ್ಲಿದ್ದ ಮಾತ್ರಕ್ಕೆ ಮನೆ ಅವನೊಬ್ಬನದಾಗದು. ಅದು ತೆರಿಗೆಯ ದಾಖಲೆ ಅಷ್ಟೆ.

ಹಿಂದೂ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಸ್ವಯಾರ್ಜಿತ ಮನೆಯಲ್ಲಿ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಜ್ಜಿ (ತಂದೆಯ ತಾಯಿ) ಬದುಕಿದ್ದರೆ ಅವರಿಗೂ. ‘ಮದುವೆಗೆ ಚಿನ್ನ ಹಾಕಿದ್ದೇವಲ್ಲ’ ಎಂಬ ಮಾತಿನಿಂದ ಮಗಳ ಹಕ್ಕು ಹೋಗುವುದಿಲ್ಲ. ಅವಳನ್ನು ಬಿಟ್ಟು ಮಾಡಿಕೊಂಡ ಪಾಲು ಮುಂದೆ ಕೋರ್ಟು ಹತ್ತುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಚಿಕ್ಕ ಮನೆಯಾದರೆ ಗೋಡೆ ಎಬ್ಬಿಸುವುದಕ್ಕಿಂತ ಒಬ್ಬರು ಇಟ್ಟುಕೊಂಡು ಉಳಿದವರಿಗೆ ಹಣ ಕೊಡುವುದೇ ಮೇಲು. ಬೆಲೆಯನ್ನು ಇಬ್ಬರು ಮೌಲ್ಯಮಾಪಕರಿಂದ ಬರೆಸಿ, ಸರಾಸರಿ ಹಿಡಿಯಿರಿ. 60 ಲಕ್ಷದ ಮನೆಗೆ ನಾಲ್ವರು ಹಕ್ಕುದಾರರಿದ್ದರೆ, ಇಟ್ಟುಕೊಳ್ಳುವವರು ಉಳಿದ ಮೂವರಿಗೆ ತಲಾ 15 ಲಕ್ಷ ಕೊಡಬೇಕು. ಹಣ ಡಿ.ಡಿ.ಯಲ್ಲಿರಲಿ, ಅದರ ಸಂಖ್ಯೆಯನ್ನು ಹಕ್ಕು ಬಿಡುಗಡೆ ಪತ್ರದಲ್ಲೇ (ಹಣ ಪಡೆದವರು ತಮ್ಮ ಪಾಲು ಬಿಟ್ಟುಕೊಡುವ ಪತ್ರ) ಬರೆಸಿ.

ಮನೆಯನ್ನೇ ಹಂಚಿಕೊಳ್ಳುವುದಾದರೆ ವಿಭಾಗ ಪತ್ರಕ್ಕೆ ನಕ್ಷೆ ಲಗತ್ತಿಸಿ. ಓಡಾಡುವ ದಾರಿಯ ಅಗಲ, ಮೆಟ್ಟಿಲು, ತಾರಸಿ, ಸಂಪು, ಬೋರ್‌ವೆಲ್ಲಿನ ಕರೆಂಟ್ ಬಿಲ್ಲು ಯಾರ ಪಾಲಿಗೆ ಎಂಬುದೆಲ್ಲ ಅದರಲ್ಲಿರಲಿ. ಜಗಳ ಮತ್ತೆ ಹುಟ್ಟುವುದು ಇಲ್ಲೇ.

ಛಾಪಾ ಕಾಗದದ ಮೇಲೆ ಸಹಿ ಹಾಕಿದರೆ ಸಾಲದು, ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಒಪ್ಪಂದ ಕೂಡಿಬರದೆ ದಾವೆ ಹೂಡಿದರೂ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಆ ರಾಜಿಗೆ ಡಿಕ್ರಿಯ (ಕೋರ್ಟಿನ ತೀರ್ಪಿನ) ಬಲವಿದೆ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ.