ಮನೆಮಂದಿಯೆಲ್ಲ ಸೇರಿ ಕುಸ್ವಾರ್ ಮಾಡುವ ಬಗೆ

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ತಯಾರಿಸಿ, ನೆರೆಹೊರೆಯವರಿಗೂ ಹಂಚುವ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ಕಿಡಿಯೊ, ನೆವ್ರಿ, ಗುಳಿಯೊ, ಚಕ್ಕುಲಿ, ಕೊಕ್ಕಿಸಾಂ, ಲಾಡು ಎಂದು ಇದರ ಪಟ್ಟಿ ದೊಡ್ಡದು. ಮೊದಲ ಸಲ ಮಾಡುವವರು ಎಲ್ಲವನ್ನೂ ಹಚ್ಚಿಕೊಳ್ಳದೆ ಎರಡು ಮೂರು ಬಗೆಗಳನ್ನಷ್ಟೇ ಆರಿಸಿಕೊಳ್ಳುವುದು ಒಳಿತು. ಅವುಗಳಲ್ಲಿ ಒಂದು, ಮೈದಾ ಹಿಟ್ಟಿನ ಪುಟ್ಟ ಸುರುಳಿಗಳನ್ನು ಕರಿದು ಮಾಡುವ ಕಿಡಿಯೊ ಆಗಿರಲೇಬೇಕೆಂಬುದು ನನ್ನ ಅಭಿಪ್ರಾಯ. ಒಬ್ಬರೇ ಕುಳಿತು ಮಾಡಿದರೆ ಬೇಸರ ತರಿಸುವ ಈ ತಿಂಡಿ, ಐದಾರು ಜನ ಸುತ್ತ ಕುಳಿತರೆ ಮಾತಿನ ನಡುವೆಯೇ ಮುಗಿದುಹೋಗುತ್ತದೆ.

ಕಿಡಿಯೊ ಮಾಡಲು ಅರ್ಧ ಕಿಲೋ ಮೈದಾ ಹಿಟ್ಟಿಗೆ ಚಿಟಿಕೆ ಉಪ್ಪು, 2 ಚಮಚ ಸಕ್ಕರೆ ಪುಡಿ, 2 ಚಮಚ ಬಿಸಿ ತುಪ್ಪ ಸೇರಿಸಿ ಬೆರಳ ತುದಿಯಿಂದ ತಿಕ್ಕಿ, 1 ಮೊಟ್ಟೆಯನ್ನು ಒಡೆದು ಹಾಕಿ, ಸುಮಾರು 200 ಮಿ.ಲೀ. ಗಟ್ಟಿ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ನಾದಬೇಕು. ಹಿಟ್ಟು ಚಪಾತಿಯದಕ್ಕಿಂತ ತುಸು ಗಟ್ಟಿಯಾಗಿರಲಿ. ಮೆತ್ತಗಾದರೆ ಒತ್ತಿದ ಗೆರೆಗಳು ಎಣ್ಣೆಯಲ್ಲಿ ಅಳಿಸಿಹೋಗುತ್ತವೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಹಿಟ್ಟು ಹದಕ್ಕೆ ಬರುತ್ತದೆ. ಮೊಟ್ಟೆ ತಿನ್ನದ ನೆರೆಯವರಿಗೂ ಕೊಡುವುದಿದ್ದರೆ, ಮೊಟ್ಟೆಯ ಬದಲು ಇನ್ನೊಂದು ಚಮಚ ತುಪ್ಪವನ್ನೂ ಸ್ವಲ್ಪ ಹೆಚ್ಚು ತೆಂಗಿನ ಹಾಲನ್ನೂ ಹಾಕಿ ಅವರ ಪಾಲನ್ನು ಬೇರೆಯಾಗಿ ಕಲಸಿ, ಹೊಸ ಎಣ್ಣೆಯಲ್ಲಿ ಮೊದಲು ಕರಿದು, ಹೆಸರು ಬರೆದ ಡಬ್ಬದಲ್ಲಿ ತೆಗೆದಿಡಬೇಕು.

ಇನ್ನು ಕೆಲಸ ಹಂಚಿಕೊಳ್ಳುವುದು. ಚಿಕ್ಕ ಮಕ್ಕಳು ಹಿಟ್ಟನ್ನು ಗೋಲಿಗಿಂತ ಚಿಕ್ಕದಾದ ಉಂಡೆಗಳನ್ನಾಗಿ ಮಾಡಲಿ. ಗಾತ್ರ ಒಂದೇ ಸಮನಾಗಿರದಿದ್ದರೆ ಕೆಲವು ಕಪ್ಪಾಗುವಷ್ಟರಲ್ಲಿ ಕೆಲವು ಒಳಗೆ ಹಸಿಯಾಗಿಯೇ ಉಳಿಯುತ್ತವೆ ಎಂಬುದನ್ನು ಅವರಿಗೆ ಮೊದಲೇ ಹೇಳಿಬಿಡಬೇಕು. ಸ್ವಲ್ಪ ದೊಡ್ಡ ಮಕ್ಕಳು ಮತ್ತು ಹಿರಿಯರು ಎಣ್ಣೆ ಸವರಿದ ಫೋರ್ಕಿನ ಬೆನ್ನ ಮೇಲೆ, ಇಲ್ಲವೇ ಇದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆಯ ಮೇಲೆ ಉಂಡೆಯನ್ನು ಹೆಬ್ಬೆರಳಿನಿಂದ ತೆಳ್ಳಗೆ ಒತ್ತಿ, ಒಂದು ತುದಿಯಿಂದ ಬಿಡಿಸುತ್ತಾ ಸುರುಳಿ ಸುತ್ತಬೇಕು. ಆಗ ಹೊರಮೈಯಲ್ಲಿ ಸಾಲುಗೆರೆಗಳಿರುವ ಪುಟ್ಟ ಶಂಖದಂಥ ಆಕಾರ ಬರುತ್ತದೆ. ಸುರುಳಿಯ ಅಂಚನ್ನು ಸರಿಯಾಗಿ ಒತ್ತಿ ಅಂಟಿಸದಿದ್ದರೆ ಅದು ಬಾಣಲೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಮಾಡಿದ್ದನ್ನು ಒಂದರ ಮೇಲೊಂದು ರಾಶಿ ಹಾಕದೆ ಬಟ್ಟೆಯ ಮೇಲೆ ಹರಡಿಡಬೇಕು. ಮಕ್ಕಳ ಕೈಯ ಸೊಟ್ಟ ಕಿಡಿಯೊಗಳನ್ನು ಮತ್ತೆ ಬಿಚ್ಚಿ ತಿದ್ದುವ ಹಿರಿಯರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಅಂಚು ಅಂಟಿದೆಯೇ ಎಂದಷ್ಟೇ ನೋಡಿ ಬಿಟ್ಟುಬಿಡುವುದು ಮೇಲು.

ಕರಿಯುವುದು ಮಾತ್ರ ದೊಡ್ಡವರದೇ ಕೆಲಸ. ಹಿಟ್ಟಿನ ಚೂರೊಂದನ್ನು ಎಣ್ಣೆಗೆ ಹಾಕಿದಾಗ ಅದು ತಳಕ್ಕೆ ಹೋಗಿ ನಿಧಾನವಾಗಿ ಮೇಲೆದ್ದರೆ ಕಾವು ಸರಿಯಾಗಿದೆಯೆಂದು ತಿಳಿಯಬಹುದು. ಉರಿ ಜೋರಾಗಿದ್ದರೆ ಹೊರಗೆ ಬಣ್ಣ ಬಂದರೂ ಒಳಗೆ ಗರಿಯಾಗುವುದಿಲ್ಲ, ಆದ್ದರಿಂದ ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಾ ಹೊಂಬಣ್ಣ ಬರುವವರೆಗೆ ಕರಿದು, ಪೂರ್ತಿ ಆರಲು ಬಿಡಬೇಕು. ಸಕ್ಕರೆ ಹೊದಿಸುವುದಾದರೆ 200 ಗ್ರಾಂ ಸಕ್ಕರೆಗೆ ಅರ್ಧ ಲೋಟಕ್ಕೂ ಕಡಿಮೆ ನೀರು ಹಾಕಿ, ಎರಡು ಎಳೆ ಪಾಕ ಬಂದೊಡನೆ ಒಲೆ ಆರಿಸಿ, ಕಿಡಿಯೊಗಳನ್ನು ಅದರಲ್ಲಿ ಸುರಿದು, ಪಾಕ ಒಣಗಿ ಬೆಳ್ಳಗಾಗುವವರೆಗೆ ಬಿಡದೆ ಹೊರಳಿಸಬೇಕು. ಇದು ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸವಾದ್ದರಿಂದ ಬೇಕಾದ ಪಾತ್ರೆ ಸೌಟುಗಳೆಲ್ಲ ಮೊದಲೇ ಕೈಗೆಟಕುವಂತಿರಲಿ.

ನೆವ್ರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಕರ್ಜಿಕಾಯಿ ಮಾಡಿ ಗೊತ್ತಿದ್ದವರಿಗೆ ಅದು ಹೊಸದಲ್ಲ. ಹುರಿದ ಎಳ್ಳು, ಹುರಿಗಡಲೆ ಪುಡಿ, ಕೊಬ್ಬರಿ ತುರಿ ತಲಾ 100 ಗ್ರಾಂ, ಸಕ್ಕರೆ ಪುಡಿ 150 ಗ್ರಾಂ, ಜೊತೆಗೆ ಏಲಕ್ಕಿ, ಗೋಡಂಬಿ ಚೂರು, ಒಣದ್ರಾಕ್ಷಿ ಸೇರಿದರೆ ಹೂರಣ ಸಿದ್ಧ. ಹಸಿ ತೆಂಗಿನಕಾಯಿ ಹಾಕಿದರೆ ರುಚಿ ಹೆಚ್ಚುವುದು ನಿಜ, ಆದರೆ ಅದರಲ್ಲಿ ನೀರಿನ ಅಂಶವಿರುವುದರಿಂದ ಹೂರಣ ಬೇಗ ಕೆಡುತ್ತದೆ. ಹೊಸ ವರ್ಷದವರೆಗೆ ಇಡಬೇಕೆಂದಿದ್ದರೆ ಕೊಬ್ಬರಿಯೇ ಸರಿ. ಹೂರಣ ತುಂಬಿ ಅಂಚು ಕತ್ತರಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು.

ಮೂರನೆಯದಾಗಿ ಕೊಕ್ಕಿಸಾಂ ಮಾಡುವುದಾದರೆ ಒಂದು ಮಾತು ನೆನಪಿರಲಿ. ಹೂವಿನಾಕಾರದ ಅಚ್ಚನ್ನು ಕಾದ ಎಣ್ಣೆಯಲ್ಲೇ ಚೆನ್ನಾಗಿ ಬಿಸಿ ಮಾಡಿದ ಮೇಲೆ ಹಿಟ್ಟಿನಲ್ಲಿ ಮುಕ್ಕಾಲು ಭಾಗದಷ್ಟೇ ಅದ್ದಬೇಕು. ಹಿಟ್ಟು ಅಚ್ಚಿನ ಮೇಲಂಚನ್ನು ದಾಟಿದರೆ ಹೂವು ಎಷ್ಟು ಅಲ್ಲಾಡಿಸಿದರೂ ಬಿಡುವುದಿಲ್ಲ.

ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಾಗಿರುವುದರಿಂದ ತಿಂಡಿಗಳು ಪೂರ್ತಿ ತಣ್ಣಗಾದೊಡನೆ ಬಿಗಿ ಮುಚ್ಚಳದ ಡಬ್ಬಗಳಿಗೆ ಸೇರಬೇಕು, ಒಂದೊಂದು ಬಗೆಗೂ ಬೇರೆ ಡಬ್ಬವಿರಬೇಕು. ಹಂಚುವ ತಟ್ಟೆ ಜೋಡಿಸುವಾಗ ಕಿಡಿಯೊ ಅಡಿಯಲ್ಲಿ, ಅದರ ಮೇಲೆ ನೆವ್ರಿ, ಮುಟ್ಟಿದರೆ ಮುರಿಯುವ ಕೊಕ್ಕಿಸಾಂ ಎಲ್ಲಕ್ಕಿಂತ ಮೇಲೆ ಇರಲಿ.